ಕಾಗದ ಯಾವ ಮೇಜಿನ ಮೇಲೆ ಕೂತಿತ್ತು?

ಪ್ರಶ್ನೆ: ನಾನು ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ತಾತ ತೀರಿಕೊಂಡ ಮೇಲೆ ಎರಡು ಎಕರೆ ಜಮೀನನ್ನು ಅಪ್ಪನ ಹೆಸರಿಗೆ ಪೌತಿ ಖಾತೆ ಮಾಡಿಸಲು ಒಂದೂವರೆ ವರ್ಷ ಓಡಾಡಿದೆವು. ವಂಶವೃಕ್ಷ, ಮರಣ ಪ್ರಮಾಣಪತ್ರ, ಇಬ್ಬರು ಅತ್ತೆಯರ ಒಪ್ಪಿಗೆ ಪತ್ರ, ಎಲ್ಲ ಕೊಟ್ಟಿದ್ದೆವು. ಕೊನೆಗೆ ಕಚೇರಿಯ ಎದುರು ಕೂರುವ ಒಬ್ಬರು ಹತ್ತೇ ದಿನದಲ್ಲಿ ಮಾಡಿಸಿಕೊಟ್ಟರು. 'ಬ್ರಿಟಿಷರ ಕಾಲದಲ್ಲಿ ಹೀಗಿರಲಿಲ್ಲ, ನಮ್ಮ ಜನವೇ ಸರಿಯಿಲ್ಲ' ಎನ್ನುತ್ತಾರೆ ಅಪ್ಪ. ನನ್ನ ಪಠ್ಯದಲ್ಲಿ ಸಂವಿಧಾನ, ಸಂಸತ್ತು, ಪಕ್ಷ ಎಲ್ಲ ಇವೆ. ಈ ಒಂದೂವರೆ ವರ್ಷ ಎಲ್ಲೂ ಇಲ್ಲ. ಮಾನವಶಾಸ್ತ್ರದವರು ಇಂಥದ್ದನ್ನು ಅಧ್ಯಯನ ಮಾಡುತ್ತಾರಂತೆ. ಆದರೆ ಅವರು ಬುಡಕಟ್ಟುಗಳನ್ನು ನೋಡುವವರಲ್ಲವೇ? ಅಪ್ಪ ಹೇಳುವುದು ನಿಜವೇ?

ಉತ್ತರ: ನಿಮ್ಮ ಆ ಒಂದೂವರೆ ವರ್ಷವೇ ನಮ್ಮ ಶಾಸ್ತ್ರದ ವಿಷಯ. ನಿಮ್ಮ ತಂದೆ ಎಷ್ಟು ಸಲ ಹೋದರು, ಯಾವ ಬೆಂಚಿನ ಮೇಲೆ ಕಾದರು, 'ಸಾಹೇಬ್ರು ಮೀಟಿಂಗ್‌ಗೆ ಹೋಗಿದ್ದಾರೆ' ಎಂದವರು ಯಾರು, ಆಗ ಪಕ್ಕದಲ್ಲಿ ಕೂತಿದ್ದವರು ಏನು ಸಲಹೆ ಕೊಟ್ಟರು ಎಂದು ಕೇಳುವುದು, ಸಾಧ್ಯವಾದರೆ ಆ ಬೆಂಚಿನ ಮೇಲೆ ತಿಂಗಳುಗಟ್ಟಲೆ ನಾವೂ ಕೂರುವುದು ನಮ್ಮ ಕೆಲಸ. ಸಂವಿಧಾನ ಓದಿದರೆ ಸರ್ಕಾರ ಹೇಗಿರಬೇಕು ಎಂಬುದು ತಿಳಿಯುತ್ತದೆ. ಒಬ್ಬ ರೈತನ ಪಾಲಿಗೆ ಸರ್ಕಾರ ಎಂಬುದು ಎಲ್ಲಿ, ಯಾರ ಮುಖದಲ್ಲಿ, ಯಾವ ಮೇಜಿನ ಹಿಂದೆ ಎದುರಾಗುತ್ತದೆ ಎಂಬುದನ್ನು ಮಾತ್ರ ಹೋಗಿ ನೋಡಿಯೇ ತಿಳಿಯಬೇಕು.

ಬುಡಕಟ್ಟಿನ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಅನುಮಾನದಲ್ಲಿ ಸತ್ಯವಿದೆ, ಮತ್ತು ಆ ಸತ್ಯ ನಮಗೆ ಹೆಮ್ಮೆಯದೇನಲ್ಲ. 1940ರಲ್ಲಿ ಮಾನವಶಾಸ್ತ್ರಜ್ಞರಾದ ಮೇಯರ್ ಫೋರ್ಟಿಸ್ ಮತ್ತು ಇವಾನ್ಸ್-ಪ್ರಿಚರ್ಡ್ ಆಫ್ರಿಕಾದ ರಾಜಕೀಯ ವ್ಯವಸ್ಥೆಗಳ ಬಗ್ಗೆ ಸಂಪಾದಿಸಿದ ಗ್ರಂಥದಿಂದ ರಾಜಕೀಯ ಮಾನವಶಾಸ್ತ್ರ ಒಂದು ಶಾಖೆಯಾಗಿ ಗಟ್ಟಿಯಾಯಿತು ಎನ್ನುವುದು ವಾಡಿಕೆ. ರಾಜನಿಲ್ಲದೆ, ಪೊಲೀಸರಿಲ್ಲದೆ, ಕೋರ್ಟು ಕಚೇರಿಯಿಲ್ಲದೆ ಅಂದಿನ ಸುಡಾನಿನ ನುಯೆರ್ ದನಗಾಹಿಗಳು ಹೇಗೆ ಬಾಳುತ್ತಾರೆ ಎಂದು ಇವಾನ್ಸ್-ಪ್ರಿಚರ್ಡ್ ಕೇಳಿದರು. ಅದು ದೊಡ್ಡ ಪ್ರಶ್ನೆ. ರಾಜಕೀಯವೆಂದರೆ ಸರ್ಕಾರಿ ಹುದ್ದೆಗಳಷ್ಟೇ ಎಂಬ ನಂಬಿಕೆಯನ್ನು ಅದು ಅಲುಗಾಡಿಸಿತು. ಆದರೆ ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಲ್ಲಿ ಬ್ರಿಟಿಷರ ಹಿಡಿತದಲ್ಲಿದ್ದ ಆಂಗ್ಲೋ-ಈಜಿಪ್ಟಿಯನ್ ಸರ್ಕಾರ. ಅವರು ಅಲ್ಲಿಗೆ ಹೋಗುವ ಮುಂಚಿನ ವರ್ಷಗಳಲ್ಲಿ ನುಯೆರ್ ಜನರ ಮೇಲೆ ಸೈನ್ಯ ನುಗ್ಗಿಸಿದ್ದೂ ಅದೇ ಸರ್ಕಾರ. ನುಯೆರ್ ರಾಜಕೀಯದ ವಿಶ್ಲೇಷಣೆಯಲ್ಲಿ ಮಾತ್ರ ಆ ಸರ್ಕಾರಕ್ಕೆ ಜಾಗವೇ ಇಲ್ಲವೆನ್ನುವಷ್ಟು ಕಡಿಮೆ. ಆಳುವವರನ್ನು ಚಿತ್ರದಿಂದ ಹೊರಗಿಟ್ಟು ಆಳಿಸಿಕೊಳ್ಳುವವರನ್ನಷ್ಟೇ ನೋಡುವ ಈ ಅಭ್ಯಾಸ ಬಹಳ ಕಾಲ ಉಳಿಯಿತು.

ನೈಜೀರಿಯಾದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಪೌತಿ ಖಾತೆಗೂ ಅದಕ್ಕೂ ಸಂಬಂಧವಿದೆ.

ಆಗ್ನೇಯ ನೈಜೀರಿಯಾದ ಇಗ್ಬೊ ಹಳ್ಳಿಗಳಲ್ಲಿ ಹೆಚ್ಚಿನ ಕಡೆ ಒಬ್ಬನೇ ಮುಖ್ಯಸ್ಥ ಎಂಬುವನಿರಲಿಲ್ಲ. ಹಿರಿಯರ ಕೂಟ, ವಯೋಮಾನದ ಗುಂಪುಗಳು, ಹೆಂಗಸರದೇ ಸಭೆಗಳು ಸೇರಿ ವ್ಯವಹಾರ ನಡೆಯುತ್ತಿತ್ತು. ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. ಸ್ಥಳೀಯ ಮುಖಂಡರ ಮೂಲಕ ಕಡಿಮೆ ಖರ್ಚಿನಲ್ಲಿ ಆಳುವುದು ಅವರ ನೀತಿ. ಮುಖಂಡನೇ ಇಲ್ಲದ ಕಡೆ ಯಾರ ಮೂಲಕ ಆಳುವುದು? ಒಬ್ಬನನ್ನು ಹಿಡಿದು ಅವನ ಕೈಗೆ ವಾರಂಟ್ ಎಂಬ ಕಾಗದ ಕೊಟ್ಟರು. ಕಾಗದ ಸಿಕ್ಕ ದಿನದಿಂದ ಅವನು ಮುಖಂಡ. 'ವಾರಂಟ್ ಚೀಫ್' ಎಂದೇ ಅವರಿಗೆ ಹೆಸರು. 1929ರ ನವೆಂಬರಿನಲ್ಲಿ ಒಲೊಕೊ ಎಂಬ ಊರಿನಲ್ಲಿ ಅಂಥ ಮುಖಂಡನ ಕಡೆಯವನೊಬ್ಬ ಮನೆಮನೆಗೆ ಹೋಗಿ ಜನ, ಆಡು, ಕುರಿ ಎಣಿಸತೊಡಗಿದ. ಎಣಿಕೆಯಾದರೆ ಮುಂದೆ ತೆರಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತು, ಗಂಡಸರ ಮೇಲೆ ಆಗಲೇ ಬಂದಿತ್ತು. ತಾಳೆ ಎಣ್ಣೆ ತೆಗೆಯುತ್ತಿದ್ದ ನ್ವಾನ್ಯೆರುವಾ ಎಂಬಾಕೆ, ನಿನ್ನ ತಾಯಿಯನ್ನು ಎಣಿಸಿದ್ದರೇನು ಎಂದು ಅವನನ್ನು ತಿರುಗಿ ಕೇಳಿದಳು. ಅಲ್ಲಿಂದ ಹೊತ್ತಿಕೊಂಡದ್ದು ಸಾವಿರಾರು ಹೆಂಗಸರ ದಂಗೆಯಾಯಿತು. ಮುಖಂಡರ ಮನೆ ಮುಂದೆ ಕೂತು ಹಾಡಿ, ಕುಣಿದು, ಹೀಯಾಳಿಸಿ ವಾರಂಟಿನ ಟೋಪಿ ಕಿತ್ತುಕೊಳ್ಳುವುದು, ಆ ಮುಖಂಡರು ಕೂತು ತೀರ್ಪು ಕೊಡುತ್ತಿದ್ದ ಕಟ್ಟಲೆ ಕೋರ್ಟುಗಳನ್ನು ಒಡೆಯುವುದು ಅವರ ದಾರಿ. ಸರ್ಕಾರ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಹೆಂಗಸರು ಸತ್ತರು.

ಅದಾದ ಮೇಲೆ ಸರ್ಕಾರಕ್ಕೆ ಮಾನವಶಾಸ್ತ್ರಜ್ಞರು ಬೇಕಾದರು. ಈ ಜನ ನಿಜಕ್ಕೂ ಹೇಗೆ ಆಳಿಕೊಳ್ಳುತ್ತಾರೆ ಎಂದು ತಿಳಿದು ಬರೆಯಲು ಸಿ.ಕೆ. ಮೀಕ್ ಅಂಥವರನ್ನು ಕಳಿಸಿದರು. ನಮ್ಮ ಶಾಸ್ತ್ರ ಎಷ್ಟೋ ಕಡೆ ಹಳ್ಳಿಗೆ ಕಾಲಿಟ್ಟದ್ದು ಹೀಗೆ, ಗುಂಡೇಟಿನ ಹಿಂದೆ. ಇದನ್ನು ಓದುವಾಗ ನನಗೆ ಇಂದಿಗೂ ನೋವಾಗುತ್ತದೆ. ನೀವು ಗಮನಿಸಬೇಕಾದದ್ದು ಇನ್ನೊಂದು: ಅಲ್ಲಿ ಅಧಿಕಾರವನ್ನು ಹುಟ್ಟಿಸಿದ್ದು ಕಾಗದ. ಊರು ಒಪ್ಪಿದವನನ್ನು ಸರ್ಕಾರ ದಾಖಲಿಸಲಿಲ್ಲ. ಸರ್ಕಾರ ದಾಖಲಿಸಿದವನನ್ನು ಊರು ಒಪ್ಪಬೇಕಾಯಿತು.

ಆಳುವವರನ್ನೂ ಚಿತ್ರದೊಳಗೆ ತಂದವರಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಮೊದಲಿಗರು. 1938ರ ಜನವರಿ 7ರಂದು ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನಲ್ಲಿ ಒಂದು ಸೇತುವೆ ಉದ್ಘಾಟನೆಯಾಯಿತು. ಬಿಳಿಯ ಕಮಿಷನರ್, ಜುಲು ಯೋಧರು, ಮಿಷನರಿಗಳು, ಗುಮಾಸ್ತರು ಎಲ್ಲ ಒಂದೇ ಜಾಗದಲ್ಲಿ. ಆದರೂ ಬಿಳಿಯರು ಒಂದು ಗುಂಪು, ಜುಲುಗಳು ಇನ್ನೊಂದು. ಆ ಒಂದು ದಿನ ಯಾರು ಎಲ್ಲಿ ನಿಂತರು, ಯಾರು ಯಾರೊಡನೆ ಚಹಾ ಕುಡಿದರು ಎಂಬುದರಿಂದಲೇ ಗ್ಲಕ್‌ಮನ್ ಇಡೀ ವಸಾಹತು ಸಮಾಜವನ್ನು ಬಿಡಿಸಿ ತೋರಿಸಿದರು. ನಿಮ್ಮೂರ ಬಸ್ ನಿಲ್ದಾಣದ ಗುದ್ದಲಿ ಪೂಜೆಗೆ ಹೋದಾಗ ಹಾಗೊಮ್ಮೆ ನೋಡಿ: ಹಾರ ಯಾರಿಗೆ ಮೊದಲು, ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದು, ಗುದ್ದಲಿ ಹಿಡಿದವರ ಹಿಂದೆ ನಿಂತವರು ಯಾರು, ಪೆಂಡಾಲಿನ ಹೊರಗೇ ಉಳಿದವರು ಯಾರು.

ಈಗ ನಮ್ಮ ನೆಲಕ್ಕೆ ಬರೋಣ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗಿರಲಿಲ್ಲ. ಅಲ್ಲಿ ವ್ಯಾಜ್ಯಗಳು ಬಗೆಹರಿಯುತ್ತಿದ್ದದ್ದು ಬಹುಪಾಲು ಒಕ್ಕಲಿಗ ಯಜಮಾನರ ಜಗಲಿಯ ಮೇಲೆ. ಅವರದು ಜಾತಿ ಶ್ರೇಣಿಯ ಮೇಲ್ತುದಿಯಲ್ಲ. ಆದರೆ ಜನಬಲ, ಭೂಮಿ, ಹೊರಗಿನ ಅಧಿಕಾರಿಗಳ ಜೊತೆ ಓಡಾಟ ಮೂರೂ ಇದ್ದವು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಹೊರಟದ್ದು ಇಲ್ಲಿಂದ. ನಾವೆಲ್ಲ ದಿನಾ ಬಳಸುವ 'ವೋಟ್ ಬ್ಯಾಂಕ್' ಮಾತನ್ನು 1950ರ ದಶಕದ ನಡುವೆ ಬಳಕೆಗೆ ತಂದವರೂ ಶ್ರೀನಿವಾಸ್ ಅವರೇ. ಇಂದು ಅದನ್ನು ಒಂದು ಸಮುದಾಯವನ್ನು ಹಣಿಯಲು ಬಳಸುತ್ತಾರೆ. ಅವರು ಹೇಳಿದ್ದು ಬೇರೆ: ತನ್ನ ಹೊಲದಲ್ಲಿ ದುಡಿಯುವವರ, ತನ್ನಿಂದ ಸಾಲ ಪಡೆದವರ ಮತಗಳನ್ನು ಒಟ್ಟಾಗಿ ಅಭ್ಯರ್ಥಿಗೆ ಕೊಡಿಸಬಲ್ಲ ಊರ ಯಜಮಾನನ ಹಿಡಿತವನ್ನು. ಬೆರಳು ತೋರಿದ್ದು ಮತ ಹಾಕುವವರ ಕಡೆಗಲ್ಲ, ಹಾಕಿಸುವವನ ಕಡೆಗೆ. ಆ ಮಾತು ಹೀಗೆ ತಲೆಕೆಳಗಾದದ್ದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಕೆಲವೇ ವರ್ಷಗಳ ನಂತರ, 1954ರಿಂದ 56ರವರೆಗೆ, ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ನಾಲೆಯ ನೀರು ಒಂದಕ್ಕೆ ಬಂತು, ಎತ್ತರದಲ್ಲಿದ್ದ ಇನ್ನೊಂದಕ್ಕೆ ಹತ್ತಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು, ಶ್ರೀಮಂತವಾಗಿ, ಹಳೆಯ ಯಜಮಾನಿಕೆಯನ್ನೇ ಹೆಚ್ಚುಕಡಿಮೆ ಉಳಿಸಿಕೊಂಡಿತು. ಒಣ ಊರಿನವರು ಪೇಟೆ, ಕಾರ್ಖಾನೆ, ಕಚೇರಿ ಎಂದು ಹೊರಟರು. ಹಳೆಯ ಸಂಬಂಧಗಳು ಸಡಿಲವಾದದ್ದು ಅಲ್ಲಿ.

ಇನ್ನು ನಿಮ್ಮ ತಂದೆಯ ಮಾತು. 'ಬ್ರಿಟಿಷರ ಕಾಲದಲ್ಲಿ ಹೀಗಿರಲಿಲ್ಲ.' ಅವರ ಬೇಸರ ನನಗೆ ಅರ್ಥವಾಗುತ್ತದೆ, ತೀರ್ಪನ್ನು ಒಪ್ಪಲಾರೆ. ಅವರನ್ನು ಅಲೆದಾಡಿಸಿದ ಯಂತ್ರವನ್ನು ಕಟ್ಟಿದ್ದೇ ಆ ಕಾಲ.

ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ನೌಕರರಿಗೆ 'ರೈಟರ್' ಎಂದು ಹೆಸರು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಅವರಿಗಾಗಿ ಕಟ್ಟಿದ್ದು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರು ಇಂದಿಗೂ ರೈಟರ್. ಪೊಲೀಸ್ ಠಾಣೆಯಲ್ಲೂ ರೈಟರ್. ಆರು ತಿಂಗಳ ಹಡಗಿನ ದೂರದಲ್ಲಿದ್ದ ಕಂಪನಿಯ ನಿರ್ದೇಶಕರಿಗೆ ತಮ್ಮ ನೌಕರರ ಮೇಲೆ ನಂಬಿಕೆಯಿರಲಿಲ್ಲ. ಕಳ್ಳತನ ತಡೆಯಲು ಅವರು ಕಂಡುಕೊಂಡ ಉಪಾಯ, ಪ್ರತಿಯೊಂದನ್ನೂ ಬರೆದಿಡಿ, ಪ್ರತಿ ಆದೇಶಕ್ಕೂ ಕಾರಣ ಬರೆಯಿರಿ, ಪ್ರತಿಯನ್ನು ಲಂಡನ್ನಿಗೆ ಕಳಿಸಿ ಎಂಬುದು. ಕಂಪನಿಯ ಕಚೇರಿಯಲ್ಲಿ ದಶಕಗಳ ಕಾಲ ದುಡಿದ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1852ರಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಭಾರತದ ಸರ್ಕಾರವೆಲ್ಲ ಬರವಣಿಗೆಯಲ್ಲೇ ನಡೆಯುತ್ತದೆ ಎಂಬರ್ಥದ ಮಾತನ್ನು ಮೆಚ್ಚಿಕೊಂಡು ಹೇಳಿದರು. ಬಾಯಿಮಾತನ್ನು ನಂಬಬೇಡ, ಮೊದಲು ಕೆಳಗಿನವನನ್ನು ಅನುಮಾನಿಸು ಎನ್ನುವುದು ಈ ವ್ಯವಸ್ಥೆಯ ಬೇರು. ಸ್ವಾತಂತ್ರ್ಯದ ನಂತರ ಆಳುವವರು ಬದಲಾದರು, ಕಡತದ ಕ್ರಮ ಬದಲಾಗಲಿಲ್ಲ.

ಇಸ್ಲಾಮಾಬಾದಿನ ನಗರಾಡಳಿತದ ಕಡತಗಳನ್ನು ಹಿಂಬಾಲಿಸಿದ ಮ್ಯಾಥ್ಯೂ ಹಲ್ ತೋರಿಸಿದ್ದು ಇದರ ಇನ್ನೊಂದು ಮುಖ. ಒಂದು ಕಡತದ ಮೇಲೆ ಹತ್ತಾರು ಜನ ಷರಾ ಬರೆದು ಸಹಿ ಹಾಕುತ್ತಾರೆ. ಯಾರು ಏನು ಮಾಡಿದರು ಎಂದು ಹಿಡಿಯಲು ಹುಟ್ಟಿದ ಈ ಪದ್ಧತಿ ತಿರುಗಿ, ಯಾರೊಬ್ಬರೂ ಸಿಕ್ಕಿಬೀಳದಂತೆ ಹೊಣೆಯನ್ನು ಹಂಚಿಬಿಡುತ್ತದೆ. ಸಹಿ ಹಾಕಿದವನಿಗೆ ಮುಂದೆ ವಿಚಾರಣೆಯ ಭಯ. ಹಾಕದೆ ಕೂತವನಿಗೆ ಯಾವ ಭಯವೂ ಇಲ್ಲ. ನಿಮ್ಮ ಅರ್ಜಿ ಕೂತದ್ದು ಯಾರದೋ ಕೆಟ್ಟತನದಿಂದಲೇ ಆಗಿರಬೇಕಿಲ್ಲ. ಆ ಮೇಜಿನ ಹಿಂದಿದ್ದವರೂ ಹೆದರಿಯೇ ಕೂತಿದ್ದಿರಬಹುದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಎಳೆಯೂ ಸೇರಿದೆ. ಹಳೆಯ ಮೈಸೂರಿನಲ್ಲಿ ಜಮೀನಿನ ಲೆಕ್ಕ ಇದ್ದದ್ದು ಶಾನುಭೋಗರ ಮನೆಯಲ್ಲಿ, ಅದೂ ವಂಶಪಾರಂಪರ್ಯವಾಗಿ. ಪಟೇಲ, ಶಾನುಭೋಗ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂದು 1963ರ ಫೆಬ್ರವರಿಯಲ್ಲಿ ಜಾರಿಯಾಯಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುಟ್ಟಿನಿಂದ ಬಂದ ಅಧಿಕಾರ ಹೋದದ್ದು ದೊಡ್ಡ ಗೆಲುವು. ಆದರೆ ಲೆಕ್ಕದ ಪುಸ್ತಕ ಓದಬಲ್ಲವರಿಗೂ ಓದಲಾಗದವರಿಗೂ ನಡುವಿನ ಅಂತರ ಹಾಗೇ ಉಳಿಯಿತು. ಮಧ್ಯವರ್ತಿ ನಿಲ್ಲುವುದು ಆ ಅಂತರದಲ್ಲಿ.

1980ರ ದಶಕದಲ್ಲಿ ಅಖಿಲ್ ಗುಪ್ತ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿದ್ದಾಗ ಅಲ್ಲಿನ ಪಟವಾರಿಯ, ಅಂದರೆ ಜಮೀನಿನ ಲೆಕ್ಕ ಬರೆಯುವವನ, 'ಕಚೇರಿ' ಎಂದರೆ ಅವನ ಮನೆಯ ಬೀದಿ ಬದಿಯ ಕೋಣೆ. ಎರಡು ಕಡೆ ಬೆಂಚು, ಎದುರಿಗೆ ಅವನ ಜಗಲಿ. ಅಲ್ಲಿಗೆ ಬಂದ ಇಬ್ಬರು ಯುವಕರು ಹಣ ಕೊಡಲು ಸಿದ್ಧರಿದ್ದರು, ಆದರೆ ಎಷ್ಟು, ಯಾವ ಮಾತಾಡಿ, ಯಾವಾಗ ಕೊಡಬೇಕು ಎಂದು ತಿಳಿಯದೆ ನಗೆಗೀಡಾದರು. ಲಂಚ ಕೊಡುವುದಕ್ಕೂ ಕಲಿತ ವಿದ್ಯೆ ಬೇಕು, ಆ ವಿದ್ಯೆಯೂ ಎಲ್ಲರಿಗೆ ಸಮನಾಗಿ ಸಿಕ್ಕಿಲ್ಲ ಎಂಬುದು ಗುಪ್ತ ಅವರ ಸೂಕ್ಷ್ಮ. ಆ ಕೋಣೆ ಸರ್ಕಾರವೋ, ಮನೆಯೋ? ಗೆರೆ ಎಳೆಯಲಾಗುವುದಿಲ್ಲ. 'ಸರ್ಕಾರ' ಮೇಲೆ, 'ಸಮಾಜ' ಕೆಳಗೆ ಎಂದು ನಿಮ್ಮ ಪಠ್ಯ ಬರೆಯುವ ಚಿತ್ರ ಅಲ್ಲಿ ಕರಗಿಹೋಗುತ್ತದೆ.

ಒರಿಸ್ಸಾದ ಬೆಟ್ಟದ ಹಳ್ಳಿಗಳಲ್ಲಿ 1950ರ ದಶಕದಲ್ಲಿ ಕೆಲಸ ಮಾಡಿದ ಎಫ್.ಜಿ. ಬೇಲಿ ಕೂಡ ಇಂಥ ದಲ್ಲಾಳಿಗಳನ್ನು ಹತ್ತಿರದಿಂದ ಕಂಡರು. ಹಳ್ಳಿಗೂ ಕಚೇರಿಗೂ ಎರಡು ಬೇರೆ ಭಾಷೆ. ಎರಡನ್ನೂ ಬಲ್ಲವನು ಬೇಕೇ ಬೇಕು, ಮತ್ತು ಎರಡನ್ನೂ ಬಲ್ಲವನೆಂಬ ಕಾರಣಕ್ಕೇ ಯಾರೂ ಅವನನ್ನು ಪೂರ್ತಿ ನಂಬುವುದಿಲ್ಲ. ನಿಮಗೆ ಕೆಲಸ ಮಾಡಿಸಿಕೊಟ್ಟವರ ಬಗ್ಗೆ ನಿಮ್ಮ ಮನೆಯಲ್ಲಿ ಯಾವ ಧಾಟಿಯ ಮಾತು ಬರುತ್ತದೆ ಎಂದು ಊಹಿಸಬಲ್ಲೆ: ಕೃತಜ್ಞತೆ ಮತ್ತು ಅಸಹ್ಯ, ಒಂದೇ ಉಸಿರಿನಲ್ಲಿ.

ಕಾಗದವೆಲ್ಲ ಕೆಡುಕು ಎಂದು ತಿಳಿಯಬೇಡಿ. ಅದು ನನ್ನ ಅಭಿಪ್ರಾಯವಲ್ಲ. 1974ರಲ್ಲಿ ದೇವರಾಜ ಅರಸರ ಭೂ ಸುಧಾರಣೆ ಜಾರಿಗೆ ಬಂದಾಗ ಗೇಣಿದಾರರು ಭೂ ನ್ಯಾಯಮಂಡಳಿಯ ಮುಂದೆ ಇಟ್ಟದ್ದು ನಮೂನೆ 7 ಎಂಬ ಅರ್ಜಿ. ಕರಾವಳಿಯ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಆ ಕಾಗದವನ್ನು ದೇವರ ಪಟದ ಪಕ್ಕ ಇಡುವಷ್ಟು ಜೋಪಾನ ಮಾಡಿದ್ದಾರೆ. ಪಹಣಿಯ ಸಾಗುವಳಿ ಕಾಲಮ್ಮಿನಲ್ಲಿ ಹೆಸರಿದ್ದವರು ಗೆದ್ದರು. ಬಾಯಿಮಾತಿನ ಗೇಣಿಯಲ್ಲೇ ತಲೆಮಾರು ಉತ್ತವರಲ್ಲಿ ಎಷ್ಟೋ ಮಂದಿಗೆ ತಾವು ಉತ್ತದ್ದನ್ನು ರುಜುವಾತು ಮಾಡುವುದೇ ಕಷ್ಟವಾಯಿತು. ಒಂದೇ ಕಾಲಮ್ಮು ಒಬ್ಬರಿಗೆ ಅನ್ನ ಕೊಟ್ಟು ಇನ್ನೊಬ್ಬರನ್ನು ಹೊರಗಿಟ್ಟಿತು.

'ಬಗರ್ ಹುಕುಂ' ಎಂಬ ಮಾತನ್ನೇ ನೋಡಿ. ಆದೇಶವಿಲ್ಲದೆ ಎಂದು ಅದರ ಅರ್ಥ. ಸರ್ಕಾರಿ ಭೂಮಿ ಉಳುವ ಬಡ ರೈತನಿಗೆ ನಮ್ಮ ಆಡಳಿತ ಕೊಟ್ಟ ಹೆಸರೇ 'ನಿನ್ನ ಬಳಿ ಕಾಗದವಿಲ್ಲ' ಎಂಬುದು. ಅವನು ಕಾನೂನಿನ ಪ್ರಕಾರ ಅತಿಕ್ರಮಣದಾರ, ಆದರೆ ಮತದಾರ, ಮತ್ತು ಅವನ ಹೊಟ್ಟೆಪಾಡು ನಿಜ. ಹಾಗಾಗಿ ಆ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ಅರ್ಜಿಗಳು ಒಂದರ ಹಿಂದೆ ಒಂದು ಬಂದವು: ನಮೂನೆ 50 ಬಂತು, 53 ಬಂತು, 57 ಬಂತು. ಕಲ್ಕತ್ತೆಯ ರೈಲು ಹಳಿಯ ಪಕ್ಕ ಗುಡಿಸಲು ಹಾಕಿಕೊಂಡವರನ್ನು ನೋಡಿ ರಾಜಕೀಯ ಚಿಂತಕ ಪಾರ್ಥ ಚಟರ್ಜಿ ಹೇಳಿದ್ದು ಇದನ್ನೇ: ಜಗತ್ತಿನ ಬಹುಪಾಲು ಜನ ಸರ್ಕಾರದ ಜೊತೆ ವ್ಯವಹರಿಸುವುದು ಹಕ್ಕುಳ್ಳ ಪ್ರಜೆಗಳಾಗಿ ಅಲ್ಲ, ಪಟ್ಟಿಯಲ್ಲಿ ಸೇರಿಸಿಕೊಳ್ಳಿ, ಈ ಸಲಕ್ಕೆ ಬಿಟ್ಟುಬಿಡಿ ಎಂದು ಚೌಕಾಸಿ ಮಾಡುವ ಗುಂಪುಗಳಾಗಿ. ಚಟರ್ಜಿ ಇದನ್ನು ರಾಜಕೀಯ ಸಮಾಜ ಎಂದು ಕರೆದರು. ಇದು ಪ್ರಜಾಪ್ರಭುತ್ವದ ಸೋಲು ಎನ್ನುವವರಿದ್ದಾರೆ. ನನಗೆ ಇದೇ ಅದರ ಜೀವ ಎನ್ನಿಸುತ್ತದೆ, ಸೊಂಟ ಬಗ್ಗಿಸಿ ನಿಂತ ಜೀವವಾದರೂ ಸರಿ.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಿಂಡಿಯಲ್ಲಿ ಪಹಣಿ ಕೈಗೆ ಬಂತು. ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿದ್ದು ನಿಜವಾದ ಉಪಕಾರ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಪಹಣಿ ಪಡೆಯುವುದು ಬೇರೆ, ಪಹಣಿಯಲ್ಲಿ ಹೆಸರು ಬದಲಾಯಿಸುವುದು ಬೇರೆ. ಎರಡನೆಯದಕ್ಕೆ ವಂಶವೃಕ್ಷ ಬೇಕು, ಆಕ್ಷೇಪಣೆಗೆ ಕಾಯಬೇಕು, ಆಧಾರಿನಲ್ಲಿರುವ ಹೆಸರೂ ಹಳೆಯ ದಾಖಲೆಯ ಹೆಸರೂ ಒಂದು ಅಕ್ಷರ ತಪ್ಪದೆ ಹೊಂದಬೇಕು. ಗೌಡ ಎಂಬಲ್ಲಿ ಗೌಡ್ರು ಎಂದಿದ್ದರೆ ಇನ್ನೊಂದು ಅಫಿಡವಿಟ್. ಹಳ್ಳಿಯ ಜಗಲಿಯಲ್ಲಿದ್ದ ಮಧ್ಯವರ್ತಿ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಬಂದು ಕೂತ. ನಾನೂ ಒಂದು ಕಚೇರಿಯ ಹೊರಗೆ ವಾರಗಟ್ಟಲೆ ಕೂತು ನೋಡಿದ್ದೇನೆ: ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿ ಎದೆಗೊತ್ತಿಕೊಂಡು ಬರುವ ಹಿರಿಯರು ಕಿಂಡಿಗೆ ಹೋಗುವ ಮುಂಚೆ ಅಂಗಡಿಯವನಿಗೆ ತೋರಿಸಿ, 'ಇಷ್ಟು ಸಾಕೇನಪ್ಪ' ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಒಳಗಿನ ಯಾವ ಮೇಜೂ ಉತ್ತರ ಕೊಡುತ್ತಿರಲಿಲ್ಲ.

ಹಾಗಾಗಿ ನಿಮ್ಮ ತಂದೆಗೆ ಹೇಳಿ: ಮಧ್ಯವರ್ತಿ ನಮ್ಮ ಜನರ ಗುಣದಿಂದ ಹುಟ್ಟಿದವನಲ್ಲ. ಬಾಯಿಮಾತನ್ನು ನಂಬದ, ತನ್ನ ನಿಯಮಗಳನ್ನು ಎದುರಿಗೆ ನಿಂತವರಿಗೆ ತಿಳಿಹೇಳದ ಆಡಳಿತ ಎಲ್ಲಿದೆಯೋ ಅಲ್ಲೆಲ್ಲ ಅವನಿದ್ದಾನೆ.

ನೀವು ಇದನ್ನೇ ಪ್ರಬಂಧವಾಗಿ ಬರೆಯಬೇಕೆಂದು ನನ್ನ ಆಸೆ. ಸಿದ್ಧಾಂತದಿಂದ ಶುರು ಮಾಡಬೇಡಿ, ಆ ಅರ್ಜಿಯಿಂದ ಶುರು ಮಾಡಿ. ಅಪ್ಪನನ್ನು ಕೂರಿಸಿಕೊಂಡು ಒಂದೊಂದೇ ದಿನ ನೆನಪಿಸಿಕೊಳ್ಳಲು ಹೇಳಿ: ಬಸ್ ಟಿಕೆಟ್ಟು, ಬಿಟ್ಟ ಕೂಲಿ, ಯಾವ ಮೇಜಿನ ಮೇಲೆ ಕಾಗದ ಎಷ್ಟು ದಿನ ಕೂತಿತ್ತು. ಆ ಮೇಜಿನ ಹಿಂದೆ ಕೂತವರನ್ನೂ ಕಂಡು ಮಾತಾಡಿ. ಒಬ್ಬರ ಹೆಗಲ ಮೇಲೆ ಎಷ್ಟು ಹಳ್ಳಿ, ಎಷ್ಟು ಅರ್ಜಿ ಇವೆ ಎಂದು ಕೇಳಿ. ಕೆಲಸ ಮಾಡಿಸಿಕೊಟ್ಟವರನ್ನು ತೀರ್ಪಿಲ್ಲದೆ ಕೇಳಿ, ಅವರು ಈ ವಿದ್ಯೆ ಕಲಿತದ್ದು ಎಲ್ಲಿ ಎಂದು. ಯಾರ ಹೆಸರನ್ನೂ ಬರೆಯಬೇಡಿ.

ಇನ್ನೂ ಒಂದು. ನಿಮ್ಮ ಪತ್ರದಲ್ಲಿ ಇಬ್ಬರು ಅತ್ತೆಯರ ಒಪ್ಪಿಗೆ ಪತ್ರದ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಆ ಎರಡು ಸಹಿ ಬಿದ್ದದ್ದು ಯಾರ ಮನೆಯಲ್ಲಿ, ಹಬ್ಬದ ದಿನವೋ ಬೇರೆ ದಿನವೋ, ಕಾಗದ ಓದಿ ಹೇಳಿದವರು ಯಾರು, ಅತ್ತೆಯರು ಏನಾದರೂ ಕೇಳಿದರೇ? ಇದನ್ನು ಅಪ್ಪನ ಬಳಿ ಅಲ್ಲ, ಅವರ ಬಳಿಯೇ ಹೋಗಿ ಕೇಳಿ ಬರೆದುಕೊಳ್ಳಿ.